ಶನಿವಾರ ಎಂಬಿಎ, ಸೋಮವಾರ ಶಿಫ್ಟ್, ಮಧ್ಯೆ ಅಪ್ಪನ ಟೊಮೆಟೊ

ಎಂಬಿಎ ಮುಗಿದ ಮೇಲೆ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು: ‘ಸಂಬಳ ಎಷ್ಟು ಜಾಸ್ತಿ ಆಯ್ತು?’

ಕೇಳಿದವರಲ್ಲಿ ಚಿಕ್ಕಪ್ಪ ಇದ್ದಾರೆ, ಫ್ಯಾಕ್ಟರಿಯ ಹುಡುಗರಿದ್ದಾರೆ, ಮುಳಬಾಗಿಲು ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕ ಹೈಸ್ಕೂಲ್ ಮೇಷ್ಟ್ರೂ ಇದ್ದಾರೆ. ಉತ್ತರ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ನೀವು ಅದನ್ನೇ ಹುಡುಕ್ಕೊಂಡು ಕೆಳಗೆ ಸ್ಕ್ರೋಲ್ ಮಾಡ್ತೀರಿ. ಸಂಬಳ ಏರಿದೆ. ಏರಿದ್ದರಲ್ಲಿ ಹೆಚ್ಚಿನ ಪಾಲು ಓದಿನ ಸಾಲದ ಕಂತಿಗೆ ಹೋಗ್ತಿದೆ. ಹುದ್ದೆಯ ಹೆಸರಿನ ಮುಂದೆ ‘ಸೀನಿಯರ್’ ಅಂತ ಒಂದು ಪದ ಸೇರಿಕೊಂಡಿದೆ. ವಿಷಯ ಇಷ್ಟೇ ಆಗಿದ್ದರೆ ಈ ಬರಹದ ಅಗತ್ಯ ಇರಲಿಲ್ಲ.

ಆದರೆ ಕೆಲಸ ಮಾಡ್ಕೊಂಡೇ ಓದಬೇಕೋ ಬೇಡವೋ ಅಂತ ಲೆಕ್ಕ ಹಾಕ್ತಿರೋರು ನಮ್ಮ ಕಡೆ ಈಗ ಬಹಳ ಜನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ದಿನಾ ಬೆಳಿಗ್ಗೆ ಬಸ್ಸು, ರೈಲು, ಕಂಪನಿ ವ್ಯಾನ್ ಹತ್ತುವ ನನ್ನ ವಯಸ್ಸಿನವರ ಫೋನುಗಳಲ್ಲಿ ಯಾವುದಾದರೂ ಒಂದು ಆನ್‌ಲೈನ್ ಎಂಬಿಎ ಜಾಹೀರಾತು ಬೆನ್ನು ಬಿದ್ದೇ ಇರುತ್ತೆ. ‘ಎರಡೇ ವರ್ಷದಲ್ಲಿ ನಿಮ್ಮ ಕರಿಯರ್ ಬದಲಾಗಲಿದೆ’ ಅಂತ ನಗುವ ಮುಖ. ಅದನ್ನ ನೋಡಿ ನೋಡಿ ಬೆರಳು ಅರ್ಧಕ್ಕೆ ನಿಂತವರಿಗಾಗಿ ಇದು.

ನಾನು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಮುಗಿಸಿ ಸೇರಿದವನು. ಹೋಂಡಾ ಇಲ್ಲಿ 2013ರಲ್ಲಿ ಸ್ಕೂಟರ್ ತಯಾರಿಕೆ ಶುರು ಮಾಡಿದ ಮೇಲೆ ನರಸಾಪುರದ ಮುಖವೇ ಬದಲಾಯ್ತು. ಅದಕ್ಕೂ ಮುಂಚೆ ಹೆದ್ದಾರಿ ಬದಿಯ ಈ ಊರು ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಬಂದು ಹೋಗುತ್ತಿತ್ತು, ಅಷ್ಟೇ. ಈಗ ನರಸಾಪುರ, ವೇಮಗಲ್, ಮಾಲೂರು ಮೂರೂ ಕಡೆ ಶಿಫ್ಟಿನ ಹೊತ್ತಿಗೆ ವ್ಯಾನುಗಳ ಸಾಲು. ನಮ್ಮಂಥ ಸ್ಥಳೀಯರಿಗೆ ಕೆಲಸವೂ ಸಿಕ್ತು. ಆದರೆ ಒಂದು ಹಂತದ ನಂತರ ಮೇಲಕ್ಕೆ ಹೋಗುವ ಮೆಟ್ಟಿಲು ಸಿಗುತ್ತಿರಲಿಲ್ಲ. ಮೆಷಿನ್ ಬಗ್ಗೆ ಮಾತಾಡುವಾಗ ನಮ್ಮನ್ನ ಕರೀತಾರೆ. ದುಡ್ಡಿನ ಬಗ್ಗೆ ಮಾತು ಬಂದಾಗ ‘ನೀವು ಲೈನ್ ನೋಡ್ಕೊಳ್ಳಿ’ ಅಂತಾರೆ. ‘ವರ್ಕಿಂಗ್ ಕ್ಯಾಪಿಟಲ್’ ಅನ್ನೋ ಪದ ಮೀಟಿಂಗಿನಲ್ಲಿ ಹತ್ತು ಸಲ ಹಾರಾಡಿದ ಒಂದು ದಿನ ನಾನು ತಲೆ ಆಡಿಸಿಕೊಂಡು ಕೂತಿದ್ದೆ. ಅವತ್ತು ಸಂಜೆ ವ್ಯಾನಿನಲ್ಲೇ ಅರ್ಜಿ ಹುಡುಕಲು ಶುರು ಮಾಡಿದೆ.

ಮೊದಲು ಬೋರ್ಡು ಸರಿಯಾಗಿ ಓದಿ

‘ಎಕ್ಸಿಕ್ಯೂಟಿವ್ ಎಂಬಿಎ’ ಅನ್ನೋದು ಹೊಸದೇನಲ್ಲ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ 1943ರಲ್ಲೇ, ಯುದ್ಧದ ಕಾಲದಲ್ಲಿ, ಕೆಲಸದಲ್ಲಿರುವ ಮ್ಯಾನೇಜರುಗಳಿಗಾಗಿ ಇದನ್ನು ಶುರು ಮಾಡಿತ್ತು. ನಮ್ಮಲ್ಲಿ 1973ರಲ್ಲಿ ಹುಟ್ಟಿದ ಐಐಎಂ ಬೆಂಗಳೂರು, 1998ರ ಹೊತ್ತಿಗೆ ಸಾಫ್ಟ್‌ವೇರ್ ಉದ್ಯೋಗಿಗಳಿಗಾಗಿಯೇ ಇಂಥ ಒಂದು ಕೋರ್ಸ್ ತೆರೆಯಿತು. ಈಗ ದೊಡ್ಡ ಸಂಸ್ಥೆ, ಖಾಸಗಿ ಕಾಲೇಜು, ಮುಕ್ತ ವಿಶ್ವವಿದ್ಯಾಲಯ ಎಲ್ಲರದ್ದೂ ಒಂದೊಂದು ಇದೆ. ಖರ್ಚಿನ ಅಂತರ ನೋಡಿದರೆ ತಲೆ ತಿರುಗುತ್ತೆ. ಇಗ್ನೋದಲ್ಲಿ ಒಂದು ಲಕ್ಷದೊಳಗೆ ಮುಗಿಯುತ್ತೆ. ಹೆಸರಾಂತ ಸಂಸ್ಥೆಗಳಲ್ಲಿ 20 ಲಕ್ಷ ದಾಟುತ್ತೆ.

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ಹೆಸರಿನಲ್ಲಿ ‘ಎಕ್ಸಿಕ್ಯೂಟಿವ್’ ಇದ್ದ ಮಾತ್ರಕ್ಕೆ ಅದು ಡಿಗ್ರಿ ಅಲ್ಲ. ದೊಡ್ಡ ಸಂಸ್ಥೆಗಳ ಆರು ತಿಂಗಳ, ಒಂದು ವರ್ಷದ ಎಷ್ಟೋ ಕೋರ್ಸುಗಳ ಕೊನೆಗೆ ಸಿಗೋದು ಸರ್ಟಿಫಿಕೇಟ್. ಕಲಿಯೋಕೆ ಅದು ಸಾಕಾಗಬಹುದು. ಆದರೆ ನಿಮ್ಮ ಕಂಪನಿಯ ಬಡ್ತಿ ನಿಯಮದಲ್ಲಿ ‘ಸ್ನಾತಕೋತ್ತರ ಪದವಿ’ ಅಂತ ಇದ್ದರೆ ಆ ಸರ್ಟಿಫಿಕೇಟ್ ಫ್ರೇಮ್ ಹಾಕಿಸೋಕಷ್ಟೇ. ಐಐಎಂಗಳೇ 2018ರಲ್ಲಿ ಹೊಸ ಕಾಯ್ದೆ ಜಾರಿಗೆ ಬರುವವರೆಗೂ ಪದವಿ ಕೊಡುತ್ತಿರಲಿಲ್ಲ, ಡಿಪ್ಲೊಮಾ ಕೊಡುತ್ತಿದ್ದವು. ಇನ್ನೊಂದು ತುದಿಯಲ್ಲಿ ‘10 ದಿನದ ಎಂಬಿಎ’ ಅಂತ ಮಾರುವವರೂ ಇದ್ದಾರೆ. 2024ರ ಏಪ್ರಿಲ್‌ನಲ್ಲಿ ಯುಜಿಸಿ ಇದರ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಬೇಕಾಯ್ತು.

ದೂರ ಶಿಕ್ಷಣ, ಆನ್‌ಲೈನ್ ಎರಡನೇ ದರ್ಜೆ ಅನ್ನೋ ಭಯ ಬೇಡ. ಮಾನ್ಯತೆ ಇರುವ ವಿಶ್ವವಿದ್ಯಾಲಯದ್ದಾದರೆ ಅದು ಸಾಮಾನ್ಯ ಪದವಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ. ಭಯ ಇರಬೇಕಾದ್ದು ‘ಮಾನ್ಯತೆ ಇರುವ’ ಅನ್ನೋ ಎರಡು ಪದಗಳ ಬಗ್ಗೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕತೆ ನೆನಪಿರಬಹುದು. 2012-13ರ ನಂತರದ ಮಾನ್ಯತೆ ಇಲ್ಲ ಅಂತ 2015ರಲ್ಲಿ ಯುಜಿಸಿ ಹೇಳಿತು, ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ ವಿದ್ಯಾರ್ಥಿಗಳಲ್ಲಿ ನಮ್ಮ ಓಣಿಯವರೂ ಇದ್ದರು. ಅದಕ್ಕೇ ಹೇಳೋದು: ವಿಶ್ವವಿದ್ಯಾಲಯದ ಹೆಸರು ನೋಡಿದರೆ ಸಾಲದು. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಅನುಮತಿ ಇದೆಯಾ ಅಂತ ಯುಜಿಸಿಯ ದೂರ ಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ನೋಡಿ. ಹತ್ತು ನಿಮಿಷದ ಕೆಲಸ. ಫೋನ್ ಮಾಡಿ ‘ಸರ್, ಇವತ್ತೇ ಕೊನೇ ದಿನ’ ಅನ್ನೋ ಹುಡುಗನಿಗೆ ಆ ಹತ್ತು ನಿಮಿಷ ಇಷ್ಟ ಆಗಲ್ಲ.

ನಾನು ಆರಿಸಿಕೊಂಡಿದ್ದು ಬೆಂಗಳೂರಿನ ಒಂದು ಕಾಲೇಜಿನ ವಾರಾಂತ್ಯದ ಕೋರ್ಸ್. ಮುಖಾಮುಖಿ ಕ್ಲಾಸು, ತಿಂಗಳಿಗೆ ಮೂರು ವಾರಾಂತ್ಯ. 2023ರ ಮಧ್ಯದಿಂದ 2025ರ ಮಧ್ಯದವರೆಗೆ. ಕಂಪನಿ ಫೀಸಿನ ಒಂದು ಭಾಗ ಕೊಡ್ತು, ಬದಲಿಗೆ ಎರಡು ವರ್ಷ ಬಿಟ್ಟು ಹೋಗಬಾರದು ಅಂತ ಸಹಿ ಹಾಕಿಸಿಕೊಳ್ತು. ಉಳಿದಿದ್ದಕ್ಕೆ ಬ್ಯಾಂಕ್ ಸಾಲ. ಓದಿನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ, ಆದರೆ ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟೋರಿಗೆ ಮಾತ್ರ. ಹೊಸ ಪದ್ಧತಿಗೆ ಹೋದವರು ಇದನ್ನ ಲೆಕ್ಕದಲ್ಲಿ ಇಟ್ಟುಕೊಳ್ಳೋದು ಬೇಡ.

ನಾಲ್ಕೂಮುಕ್ಕಾಲರ ಬಸ್ಸು

ಮುಳಬಾಗಿಲಿಗೆ ರೈಲಿಲ್ಲ. ನಮಗೆ ಬಸ್ಸೇ ಗತಿ. ಬೆಳಿಗ್ಗೆ ನಾಲ್ಕೂಮುಕ್ಕಾಲಕ್ಕೆ ಹೊರಟರೆ ಕೋಲಾರ, ನರಸಾಪುರ, ಹೊಸಕೋಟೆ ದಾಟಿ ಕೆ.ಆರ್. ಪುರ. ನರಸಾಪುರ ಬರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ವಾರಕ್ಕೆ ಐದು ದಿನ ನೋಡಿದ್ದು ಸಾಕು ಅಂತ. ಮೊದಲ ಕೆಲವು ತಿಂಗಳು ಕೆ.ಆರ್. ಪುರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಗುದ್ದಾಡಬೇಕಿತ್ತು. 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿ ನಡುವಿನ ಮೆಟ್ರೋ ತುಂಡು ಸೇರಿಕೊಂಡ ಮೇಲೆ ಬದುಕಿಕೊಂಡೆ. ಎರಡು ಕಿಲೋಮೀಟರಿನ ಹಳಿ ಮನುಷ್ಯನ ಓದಿಗೆ ಎಷ್ಟು ಸಹಾಯ ಮಾಡುತ್ತೆ ಅಂತ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಬರೆಯಲ್ಲ.

ಕ್ಲಾಸಿನಲ್ಲಿ ನಮ್ಮ ಜಿಲ್ಲೆಯವರು ನಾಲ್ಕು ಜನ ಇದ್ದೆವು. ಮಾಲೂರಿನ ಗೆಳೆಯ ವೈಟ್‌ಫೀಲ್ಡಿನ ಐಟಿ ಕಂಪನಿಯವನು. ಅವರ ತಾತನದ್ದು ಹೆಂಚಿನ ಫ್ಯಾಕ್ಟರಿಯಲ್ಲಿ ಕೆಲಸ. ಶ್ರೀನಿವಾಸಪುರದವನು ಬ್ಯಾಂಕಿನವನು, ಮನೆಯಲ್ಲಿ ಮಾವಿನ ತೋಟ. ಕೆಜಿಎಫ್‌ನ ಗೆಳತಿ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ದಿನಾ ಬೆಂಗಳೂರಿಗೆ ಓಡಾಡುವವಳು. ಅವಳ ಓದೆಲ್ಲಾ ಆ ರೈಲಿನಲ್ಲೇ. ಸೀಟು ಸಿಕ್ಕರೆ ಅಕೌಂಟೆನ್ಸಿ, ಸೀಟು ಸಿಗದಿದ್ರೆ ಎಚ್‌ಆರ್ ಅಂತ ಅವಳ ಟೈಮ್‌ಟೇಬಲ್.

ಮೊದಲ ತಿಂಗಳು ನಾವು ನಾಲ್ವರೂ ಹಿಂದಿನ ಬೆಂಚು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಫ್ಯಾಕ್ಟರಿಯಲ್ಲಿ ಹಿಂದಿ-ತಮಿಳು ಎಲ್ಲಾ ಸೇರಿದ ಒಂದು ಭಾಷೆ ಮಾತಾಡೋ ನಮಗೆ, ಕೈ ಎತ್ತಿ ಇಂಗ್ಲಿಷಿನಲ್ಲಿ ವಾದ ಮಾಡೋದು ಅಂದರೆ ಗಂಟಲು ಒಣಗೋ ವಿಷಯ. ಕ್ಲಾಸಿನಲ್ಲಿ ಮಾತಾಡಿದ್ದಕ್ಕೂ ಮಾರ್ಕ್ಸ್ ಇತ್ತು. ಬೇರೆಯವರು ‘ಐ ಥಿಂಕ್’ ಅಂತ ಶುರು ಮಾಡಿ ಏನೂ ಹೇಳದೆ ಮುಗಿಸುತ್ತಿದ್ದರು, ಮಾರ್ಕ್ಸ್ ಬೀಳುತ್ತಿತ್ತು. ಇದು ಬದಲಾಗಿದ್ದು ಹೇಗೆ ಅಂತ ಮುಂದೆ ಹೇಳ್ತೀನಿ.

ಅಂದಹಾಗೆ, ಮೆಟ್ರಿಕ್ ಪಾಸಾಗದ ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ನಮ್ಮ ಮುಳಬಾಗಿಲಿನಲ್ಲೇ, 1887ರಲ್ಲಿ. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಅವರಿಗೆ ಗೌರವ ಡಿ.ಲಿಟ್ ಕೊಟ್ಟಿತು. ಡಿಗ್ರಿ ಬಗ್ಗೆ ನನ್ನ ತಲೆ ತಿರುಗಿದಾಗಲೆಲ್ಲಾ ಚಿಕ್ಕಪ್ಪ ಇದನ್ನ ನೆನಪಿಸುತ್ತಾರೆ. ಆದರೆ ಡಿವಿಜಿ ಅಷ್ಟು ಓದುವ ಶಿಸ್ತು ನನಗಿಲ್ಲ. ನನಗೆ ಹಾಜರಾತಿ ಬೇಕು, ಪರೀಕ್ಷೆಯ ಭಯ ಬೇಕು.

ಕೇಸ್ ಸ್ಟಡಿ ನಮ್ಮೂರಿನದ್ದೇ ಆದಾಗ

ಎಂಬಿಎ ಅಂದರೆ ಕೇಸ್ ಸ್ಟಡಿ. ಅಮೆರಿಕದ ವಿಮಾನ ಕಂಪನಿ, ಜಪಾನಿನ ಕಾರು, ಯುರೋಪಿನ ಬಟ್ಟೆ ಅಂಗಡಿ. ಓದೋಕೆ ಚೆನ್ನಾಗಿರುತ್ತೆ, ಆದರೆ ಕೈಗೆ ಸಿಗಲ್ಲ. ನಮ್ಮ ಗುಂಪಿಗೆ ಕೈಗೆ ಸಿಕ್ಕಿದ್ದು ‘ಮುಳುಗಿದ ವೆಚ್ಚ’ದ ಪಾಠದ ದಿನ. ಈಗಾಗಲೇ ಸುರಿದು ಹೋದ, ವಾಪಸ್ ಬರದ ದುಡ್ಡನ್ನು ಮುಂದಿನ ತೀರ್ಮಾನಕ್ಕೆ ಎಳೆದು ತರಬಾರದು ಅನ್ನೋದು ಪಾಠ. ಪ್ರೊಫೆಸರ್ ಬೋರ್ಡಿನಲ್ಲಿ ‘ಸಂಕ್ ಕಾಸ್ಟ್’ ಅಂತ ಬರೆದರು. ಕೆಜಿಎಫ್ ಗೆಳತಿ ಜೋರಾಗಿ ನಕ್ಕುಬಿಟ್ಟಳು. ‘ಯಾಕಮ್ಮಾ?’ ಅಂದರು. ‘ಸರ್, ನಮ್ಮೂರಲ್ಲಿ ಅದು ಮೂರು ಕಿಲೋಮೀಟರ್ ಆಳಕ್ಕೆ ಇದೆ’ ಅಂದಳು.

ಆಮೇಲೆ ಇಪ್ಪತ್ತು ನಿಮಿಷ ಅವಳೇ ಮಾತಾಡಿದಳು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದ ಊರು, ಚಾಂಪಿಯನ್ ರೀಫ್‌ನಂಥ ಗಣಿ ಇದ್ದ ಊರು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಅವಳ ತಂದೆ ಆ ಗಣಿಯಲ್ಲಿದ್ದವರು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಗಿತ್ತು ಅನ್ನೋದು ಲೆಕ್ಕ. ಲೆಕ್ಕ ಸುಳ್ಳಲ್ಲ. ಆದರೆ 2001ರಲ್ಲಿ ಔನ್ಸಿಗೆ 300 ಡಾಲರಿಗೂ ಕೆಳಗಿದ್ದ ಚಿನ್ನ, ನಾವು ಕ್ಲಾಸಿನಲ್ಲಿ ಕೂತಿದ್ದ 2024ರಲ್ಲಿ 2,000 ಡಾಲರ್ ದಾಟಿತ್ತು. ಅಷ್ಟರಲ್ಲಿ ಪಂಪು ನಿಂತು ಗಣಿಗಳಲ್ಲಿ ನೀರು ತುಂಬಿತ್ತು. ‘ಮುಚ್ಚಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ ಸರ್. ಮತ್ತೆ ತೆರೆಯೋ ಅವಕಾಶಕ್ಕೆ ಒಂದು ಬೆಲೆ ಇರುತ್ತಲ್ಲ, ಅದನ್ನ ಯಾವ ಕಾಲಂನಲ್ಲಿ ಬರೀತೀರಿ?’ ಪ್ರೊಫೆಸರ್ ಕುರ್ಚಿ ಎಳೆದುಕೊಂಡು ಕೂತರು. ಆ ಪ್ರಶ್ನೆಗೆ ಫೈನಾನ್ಸಿನಲ್ಲಿ ಒಂದು ಇಡೀ ಅಧ್ಯಾಯವೇ ಇದೆ, ಎರಡನೇ ವರ್ಷಕ್ಕೆ ಬರುತ್ತೆ ಅಂದರು. ಅವತ್ತಿನಿಂದ ನಾವು ಮುಂದಿನ ಬೆಂಚಿಗೆ ಬಂದೆವು. ಇಂಗ್ಲಿಷ್ ಸುಧಾರಿಸಿರಲಿಲ್ಲ. ಹೇಳೋಕೆ ವಿಷಯ ಇದೆ ಅಂತ ಗೊತ್ತಾಗಿತ್ತು.

ಆಮೇಲೆ ಸಾಲುಸಾಲಾಗಿ ಬಂದವು. ಸರದಿಯ ಗಣಿತ ಬಂದಾಗ ನಾನು ಮುಳಬಾಗಿಲು ದೋಸೆ ಹೋಟೆಲನ್ನೇ ಹಿಡಿದುಕೊಂಡೆ. ಜಾನ್ ಲಿಟ್ಲ್ ಅನ್ನೋರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಬಹಳ ಸರಳ. ಸಾಲಿನಲ್ಲಿ 20 ಜನ ಇದ್ದು, ನಿಮಿಷಕ್ಕೆ ಇಬ್ಬರಿಗೆ ದೋಸೆ ಸಿಗುತ್ತಿದ್ದರೆ ನೀವು ಕಾಯಬೇಕಾದ್ದು 10 ನಿಮಿಷ. ಗಿರಾಕಿ ಬಯ್ಯುತ್ತಾನೆ ಅಂತ ಕೌಂಟರ್ ಜಾಸ್ತಿ ಮಾಡಿದರೆ ಪ್ರಯೋಜನ ಇಲ್ಲ, ಕಾವಲಿ ಇನ್ನೊಂದು ಬೇಕು. ಆ ದಪ್ಪ, ತುಪ್ಪದ, ಹೊಂಬಣ್ಣದ ದೋಸೆ ಬೇಯೋಕೆ ಬೇಕಾದ ಸಮಯ ಬೇಕೇ ಬೇಕು. ಇದೇ ಲೆಕ್ಕ ನಮ್ಮ ಲೈನಿನ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹಾಕಿದೆ. ಮಾಲು ರಾಶಿ ಬೀಳುತ್ತಿದ್ದುದು ಹುಡುಗರು ನಿಧಾನ ಅಂತಲ್ಲ, ಅಳತೆ ನೋಡುವ ಉಪಕರಣ ಒಂದೇ ಇತ್ತು ಅಂತ. ಇನ್ನೊಂದು ತರಿಸಿಕೊಟ್ಟರು. ಎಂಬಿಎಯಿಂದ ಕಂಪನಿಗೆ ನೇರವಾಗಿ ಸಿಕ್ಕ ಮೊದಲ ಲಾಭ ಅದು. ಮ್ಯಾನೇಜರ್‌ಗೆ ನಾನು ದೋಸೆ ವಿಷಯ ಹೇಳಲಿಲ್ಲ.

ಎಚ್‌ಆರ್ ಪಾಠಕ್ಕೆ ದೂರ ಹೋಗಬೇಕಾಗಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಆದ ಗಲಾಟೆ ಜಗತ್ತಿನ ಸುದ್ದಿ ಆಗಿತ್ತು. ಕೆಲಸಗಾರರ ಸಂಖ್ಯೆ ಏಕಾಏಕಿ ಏರಿತ್ತು, ಮಾನವ ಸಂಪನ್ಮೂಲ ವಿಭಾಗ ಅದಕ್ಕೆ ತಕ್ಕ ಹಾಗೆ ಬೆಳೆದಿರಲಿಲ್ಲ ಅಂತ ಸರ್ಕಾರಿ ಪರಿಶೀಲನೆಯೇ ಹೇಳಿತು. ಕಂಪನಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ತೆಕ್ಕೆಗೆ ಬಂತು. ಕ್ಲಾಸಿನಲ್ಲಿ ಕೆಲವರು ‘ಕಾರ್ಮಿಕ ಶಿಸ್ತು’ ಅಂತ ಮಾತು ಶುರು ಮಾಡಿದರು. ಗುತ್ತಿಗೆ ಏಜೆನ್ಸಿ ಮೂಲಕ ಬಂದ ಹುಡುಗನಿಗೆ ಸಂಬಳದ ಚೀಟಿಯಲ್ಲಿ ಓಟಿ ಗಂಟೆ ತಪ್ಪಿದ್ದರೆ ಅವನು ಯಾರ ಬಾಗಿಲು ತಟ್ಟಬೇಕು ಅಂತ ನಾನು ಕೇಳಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸೋಮವಾರ ನಮ್ಮ ಫ್ಯಾಕ್ಟರಿಯಲ್ಲಿ ಅದೇ ಪ್ರಶ್ನೆ ಕೇಳಿದೆ. ಇಲ್ಲೂ ಉತ್ತರ ಬರೋಕೆ ಒಂದು ವಾರ ಹಿಡಿಯಿತು.

ಶ್ರೀನಿವಾಸಪುರದ ಗೆಳೆಯನ ಕೊನೆಯ ಪ್ರಾಜೆಕ್ಟ್ ತೋತಾಪುರಿ ಮಾವಿನ ಮೇಲೆ. ಬಾದಾಮಿ, ಬೇನಿಶಾ ತಿನ್ನೋಕೆ ಹೋದರೆ ತೋತಾಪುರಿ ಹೆಚ್ಚಾಗಿ ಹೋಗೋದು ಗಡಿಯಾಚೆ, ಚಿತ್ತೂರಿನ ತಿರುಳು ತೆಗೆಯುವ ಕಾರ್ಖಾನೆಗಳಿಗೆ. ಮೈಕೆಲ್ ಪೋರ್ಟರ್ 1979ರಲ್ಲಿ ಬರೆದ ‘ಐದು ಶಕ್ತಿ’ಗಳಲ್ಲಿ ಒಂದು, ಕೊಳ್ಳುವವನ ಕೈ ಮೇಲಾಗೋದು. ಮಾರೋರು ಸಾವಿರಾರು, ಕೊಳ್ಳೋರು ಬೆರಳೆಣಿಕೆ. ಅವನು ವರದಿ ಬರೆಯುತ್ತಾ ಇರುವಾಗಲೇ, 2025ರ ಜೂನ್‌ನಲ್ಲಿ, ಕರ್ನಾಟಕದ ತೋತಾಪುರಿ ತಮ್ಮ ಜಿಲ್ಲೆಗೆ ಬರಬಾರದು ಅಂತ ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿತು. ಅವರ ರೈತರಿಗೂ ಬೆಲೆ ಇರಲಿಲ್ಲ. ಮುಖ್ಯಮಂತ್ರಿಗಳ ಮಟ್ಟದಲ್ಲಿ ಪತ್ರ ಹೋಯಿತು, ಕೇಂದ್ರದಿಂದ ಬೆಲೆ ವ್ಯತ್ಯಾಸದ ನೆರವು ಬಂತು. ಗೆಳೆಯನ ವರದಿಯ ಮೂರನೇ ಅಧ್ಯಾಯ ಪೂರ್ತಿ ಬದಲಾಯಿತು. ಅವನ ಮನೆಯ ಹಣ್ಣು ಮರದಲ್ಲೇ ಉಳಿಯಿತು. ‘ಎ ಗ್ರೇಡ್ ಬಂತು ಕಣೋ’ ಅಂತ ಫೋನ್ ಮಾಡಿದವನ ದನಿಯಲ್ಲಿ ಖುಷಿ ಇರಲಿಲ್ಲ.

ಅಪ್ಪನ ನೋಟ್‌ಬುಕ್ಕು

ನನ್ನ ಮಟ್ಟಿಗೆ ಈ ಎರಡು ವರ್ಷದ ನಿಜವಾದ ಪರೀಕ್ಷೆ ಆಗಿದ್ದು ಮನೆಯ ಜಗಲಿ ಮೇಲೆ.

2023ರ ಜುಲೈ ನಿಮಗೆ ನೆನಪಿರಬೇಕು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಟೊಮೆಟೊ ತೋಟಕ್ಕೆ ರಾತ್ರಿ ಕಾವಲು ಕೂರೋ ಪರಿಸ್ಥಿತಿ. ನಾನಾಗ ಮೊದಲ ಟರ್ಮ್. ಅದೇ ತಿಂಗಳು ಅರ್ಥಶಾಸ್ತ್ರದ ಕ್ಲಾಸಿನಲ್ಲಿ ‘ಜೇಡರ ಬಲೆ’ ಪಾಠ ಬಂತು. ನಿಕೊಲಸ್ ಕಾಲ್ಡೋರ್ 1934ರಲ್ಲಿ ಆ ಹೆಸರು ಕೊಟ್ಟವರು. ಇವತ್ತಿನ ಬೆಲೆ ನೋಡಿ ರೈತ ಬೆಳೆ ಇಡ್ತಾನೆ, ಆದರೆ ಬೆಳೆ ಕೈಗೆ ಬರೋದು ಎರಡು-ಎರಡೂವರೆ ತಿಂಗಳ ಮೇಲೆ. ಎಲ್ಲರೂ ಒಟ್ಟಿಗೆ ಇಟ್ಟಿರ್ತಾರೆ, ಬೆಲೆ ಬೀಳುತ್ತೆ. ಬಿದ್ದ ಬೆಲೆ ನೋಡಿ ಎಲ್ಲರೂ ಬಿಡ್ತಾರೆ, ಮತ್ತೆ ಏರುತ್ತೆ. ಗ್ರಾಫ್ ಬರೆದರೆ ಜೇಡರ ಬಲೆ ಥರಾ ಸುತ್ತು ಬರುತ್ತೆ. ನಾನು ಖುಷಿಯಿಂದ ಮನೆಗೆ ಬಂದು ಅಪ್ಪನಿಗೆ ವಿವರಿಸಿದೆ. ಅಪ್ಪ ಪೂರ್ತಿ ಕೇಳಿ, ‘ಇದನ್ನ ಕಲಿಯೋಕೆ ಎಷ್ಟು ಫೀಸ್ ಕಟ್ಟಿದೆ?’ ಅಂದರು.

ಅವರಿಗೆ ಗೊತ್ತು. ನಮ್ಮ ಕಡೆ ಟೊಮೆಟೊ ಬೆಳೆಯೋ ಎಲ್ಲರಿಗೂ ಗೊತ್ತು. ಆ ಜುಲೈ ಬೆಲೆ ನೋಡಿ ನಾಟಿ ಮಾಡಿದವರ ಹಣ್ಣು ಮಾರುಕಟ್ಟೆಗೆ ಬರುವ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ದರ ಪಾತಾಳ ಕಂಡಿತ್ತು. ಗೊತ್ತಿದ್ದೂ ಯಾಕೆ ಇಡ್ತಾರೆ ಅನ್ನೋದು ಕಾಲ್ಡೋರ್ ಪುಸ್ತಕದಲ್ಲಿ ಇಲ್ಲ. ಹಿಂದಿನ ಬೆಳೆಯ ಸಾಲ ತೀರಬೇಕು. ಡ್ರಿಪ್ ಹಾಕಿಸಿ ಆಗಿದೆ. ಗೊಬ್ಬರದ ಅಂಗಡಿಯವನು ಕಡ ಕೊಡೋದು ಬೆಳೆ ಇಟ್ಟವನಿಗೆ ಮಾತ್ರ.

2024ರ ಬೇಸಿಗೆ ಹೊತ್ತಿಗೆ ಅಪ್ಪ ಹೊಸ ಯೋಚನೆ ತೆಗೆದರು. ಪಕ್ಕದ ಮೂರು ಎಕರೆ ಗುತ್ತಿಗೆಗೆ ಸಿಗುತ್ತೆ, ನೀರಿದೆ, ಈ ಸಲ ಜನ ಕಮ್ಮಿ ಇಟ್ಟಿದ್ದಾರೆ, ಇಡೋಣ ಅಂತ. ಅವರ ಜೇಡರ ಬಲೆಯ ಲೆಕ್ಕ ಸರಿಯಾಗೇ ಇತ್ತು. ನಾನು ಲ್ಯಾಪ್‌ಟಾಪ್ ತೆಗೆದೆ, ಅವರು ನೋಟ್‌ಬುಕ್ ತೆಗೆದರು. ಆ ನೋಟ್‌ಬುಕ್ಕಿನಲ್ಲಿ ನಮ್ಮ ಹಿಂದಿನ ಹದಿನಾಲ್ಕು ಬೆಳೆಗಳ ಖರ್ಚು, ಬಾಕ್ಸು, ದರ ಎಲ್ಲಾ ಪೆನ್ಸಿಲ್ಲಿನಲ್ಲಿದೆ. ಎರಡು ವರ್ಷದಲ್ಲಿ ನಾನು ಓದಿದ ಯಾವ ಕೇಸ್ ಸ್ಟಡಿಯಲ್ಲೂ ಇಷ್ಟು ಚೊಕ್ಕ ಮಾಹಿತಿ ಇರಲಿಲ್ಲ.

ನಮ್ಮ ಲೆಕ್ಕದಲ್ಲಿ ಎಕರೆಗೆ ಕಡ್ಡಿ, ಮಲ್ಚಿಂಗ್, ಔಷಧಿ ಎಲ್ಲಾ ಸೇರಿ ಎರಡೂವರೆ ಲಕ್ಷ. ಎಕರೆಗೆ 2,000 ಬಾಕ್ಸ್ ಬಂದರೆ ಬಾಕ್ಸಿಗೆ 125. ಕೀಳುವ ಕೂಲಿ, ಗಾಡಿ ಬಾಡಿಗೆ, ಮಂಡಿ ಖರ್ಚು 65. ಅಲ್ಲಿಗೆ ಬಾಕ್ಸಿಗೆ 190 ಸಿಕ್ಕರೆ ಕೈ ಸುಡಲ್ಲ. ಹದಿನಾಲ್ಕು ಬೆಳೆಯಲ್ಲಿ ಆಯಾ ವರ್ಷದ ಖರ್ಚು ದಾಟಿ ಒಳ್ಳೆ ಲಾಭ ಕೊಟ್ಟಿದ್ದು ಐದು. ಸಮಸಮ ಆಗಿದ್ದು ನಾಲ್ಕು. ಉಳಿದ ಐದು ನಷ್ಟ. ಸರಾಸರಿ ತೆಗೆದರೆ ಲಾಭವೇ ಬರುತ್ತೆ. ಅಪ್ಪ ಆ ಸರಾಸರಿ ಮೇಲೆ ಬೆರಳಿಟ್ಟರು. ನಾನು ಆ ಐದು ನಷ್ಟದ ಮೇಲೆ ಬೆರಳಿಟ್ಟೆ. ಒಂದು ಎಕರೆ ಕೈಕೊಟ್ಟರೆ ನನ್ನ ಸಂಬಳದಲ್ಲಿ ತಡೀಬಹುದು. ಮೂರು ಎಕರೆ ಕೈಕೊಟ್ಟರೆ ಇರೋ ಭೂಮಿ ಅಡ ಇಡಬೇಕು. ಮೇಲೆ ನನ್ನ ಓದಿನ ಸಾಲ ಬೇರೆ. ಸರಾಸರಿ ಲಾಭ ಬರೋವರೆಗೆ ನಾವು ಆಟದಲ್ಲಿ ಉಳಿದಿರಬೇಕಲ್ಲ ಅಂತ ನನ್ನ ವಾದ.

ಎರಡು ದಿನ ಮಾತುಕತೆ. ಅಮ್ಮ ಮಧ್ಯೆ ಬಂದು ಒಂದು ಎಕರೆಗೆ ಒಪ್ಪಿಸಿದರು. ಜೂನ್ ಕೊನೆಗೆ ಹಣ್ಣು ಬಂತು. ಆ ವರ್ಷ ಜೂನ್-ಜುಲೈನಲ್ಲಿ ದರ ಏರಿತು. ಒಂದು ಎಕರೆಗೆ ಚೆನ್ನಾಗಿ ಸಿಕ್ಕಿತು.

‘ಮೂರು ಎಕರೆ ಇಟ್ಟಿದ್ದಿದ್ರೆ?’ ಅಪ್ಪ ಇವತ್ತಿಗೂ ಊಟಕ್ಕೆ ಕೂತಾಗ ಕೇಳ್ತಾರೆ. ನನ್ನ ವಾದ ಇವತ್ತಿಗೂ ಅದೇ. ತೀರ್ಮಾನ ಸರಿಯೋ ತಪ್ಪೋ ಅಂತ ನೋಡೋದು ಆ ದಿನ ಕೈಯಲ್ಲಿ ಏನು ಮಾಹಿತಿ ಇತ್ತು ಅನ್ನೋದರ ಮೇಲೆ, ಆಮೇಲೆ ಬೆಲೆ ಏನಾಯ್ತು ಅನ್ನೋದರ ಮೇಲಲ್ಲ. ಅಪ್ಪ ಅದಕ್ಕೆ ‘ಹ್ಞೂಂ’ ಅಂತ ಮಜ್ಜಿಗೆ ಕುಡೀತಾರೆ. ಆದರೆ ಈಗ ಪ್ರತಿ ಬೆಳೆಗೂ ಮುಂಚೆ ‘ಬಾಕ್ಸಿಗೆ ಎಷ್ಟು ಬಂದ್ರೆ ಸುಡಲ್ಲ, ನೋಡು’ ಅಂತ ನೋಟ್‌ಬುಕ್ ನನ್ನ ಕಡೆ ತಳ್ಳುತ್ತಾರೆ. ಸೀನಿಯರ್ ಪಟ್ಟಕ್ಕಿಂತ ನನಗೆ ಅದೇ ದೊಡ್ಡದಾಗಿ ಕಾಣುತ್ತೆ.

ಫೀಸ್ ರಸೀದಿಯಲ್ಲಿ ಇಲ್ಲದ ಖರ್ಚು

‘ಅವಕಾಶ ವೆಚ್ಚ’ ಅಂತ ಇನ್ನೊಂದು ಪಾಠ ಇದೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಎಂಬಿಎ ಜಾಹೀರಾತುಗಳಲ್ಲಿ ಇದನ್ನ ಲೆಕ್ಕ ಹಾಕುವಾಗ ಕೆಲಸ ಬಿಟ್ಟವನ ಸಂಬಳ ಮಾತ್ರ ಹಾಕ್ತಾರೆ. ‘ನೀವು ಕೆಲಸ ಬಿಡಬೇಕಾಗಿಲ್ಲ, ಆದ್ದರಿಂದ ಏನೂ ಕಳೆದುಕೊಳ್ಳಲ್ಲ’ ಅಂತಾರೆ. ಶುದ್ಧ ಸುಳ್ಳು. ಕಳೆದುಕೊಳ್ಳುವವರು ಬೇರೆ, ಅಷ್ಟೇ.

ನಾನು ಎಣಿಸಿದ್ದೇನೆ, 71 ವಾರಾಂತ್ಯ. ಮಗಳಿಗೆ ಮೂರು ವರ್ಷ ಇದ್ದಾಗ ಶುರುವಾಯ್ತು, ಮುಗಿದಾಗ ಐದು. ‘ಅಪ್ಪನ ಸ್ಕೂಲಲ್ಲಿ ಮಿಸ್ ಹೊಡೀತಾರಾ?’ ಅಂತ ಕೇಳುತ್ತಿದ್ದಳು. ಅಷ್ಟೂ ಶನಿವಾರ ಭಾನುವಾರ ಮನೆ, ಮಗು, ಅಪ್ಪ ಅಮ್ಮನ ಔಷಧಿ, ನೆಂಟರ ಮದುವೆ ಎಲ್ಲಾ ನನ್ನ ಹೆಂಡತಿಯ ಪಾಲು. ಅವಳು ಖಾಸಗಿ ಶಾಲೆಯ ಟೀಚರ್. ಬಿಎಸ್ಸಿ ಆಗಿದೆ, ಬಿಇಡಿ ಆಗಿಲ್ಲ. ಬಿಇಡಿ ಇಲ್ಲದೆ ಟಿಇಟಿ ಇಲ್ಲ, ಸರ್ಕಾರಿ ಶಿಕ್ಷಕರ ನೇಮಕಾತಿಗೆ ಅರ್ಜಿ ಇಲ್ಲ, ಅದಕ್ಕೆ ವಯಸ್ಸಿನ ಮಿತಿ ಬೇರೆ ಇದೆ. ಬಿಇಡಿ ಈಗ ಎರಡು ವರ್ಷ. 2023ರಲ್ಲಿ ನಾವಿಬ್ಬರೂ ಅರ್ಜಿ ಹಾಕಬಹುದಿತ್ತು. ಇಬ್ಬರೂ ಒಟ್ಟಿಗೆ ಓದಿದರೆ ಮಗುವನ್ನ ನೋಡೋರು ಯಾರು, ಎರಡು ಫೀಸು ಎಲ್ಲಿಂದ? ಮಾತಾಡಿಕೊಂಡೆವು. ನನ್ನದಕ್ಕೆ ಕಂಪನಿಯ ದುಡ್ಡು ಆ ವರ್ಷ ಮಾತ್ರ ಸಿಗುತ್ತಿತ್ತು. ‘ಎರಡು ವರ್ಷ ನಿನ್ನದು, ಆಮೇಲಿನ ಎರಡು ವರ್ಷ ನನ್ನದು. ಮಧ್ಯೆ ಯಾವ ಪ್ರಮೋಷನ್ ಬಂದರೂ ಊರು ಬಿಡೋ ಹಾಗಿಲ್ಲ’ ಅಂದಳು. ಬರೆದುಕೊಂಡಿದ್ದೇವೆ, ನಿಜವಾಗಲೂ, ಕ್ಯಾಲೆಂಡರಿನ ಹಿಂದೆ.

ನಮ್ಮ ಕ್ಲಾಸಿನ ಎಲ್ಲರ ಮನೆಯಲ್ಲೂ ಇಂಥದ್ದೊಂದು ಲೆಕ್ಕ ಇತ್ತು. ಮದುವೆಯಾದ ಗಂಡಸರು ಅದನ್ನ ‘ಫ್ಯಾಮಿಲಿ ಸಪೋರ್ಟ್’ ಅಂತ ಒಂದು ಸ್ಲೈಡಿನಲ್ಲಿ ಮುಗಿಸುತ್ತಿದ್ದೆವು. ಹೆಂಗಸರ ಸಂಖ್ಯೆಯೇ ಕಮ್ಮಿ. ಕೆಜಿಎಫ್ ಗೆಳತಿ ಮನೆಗೆ ಹೋಗಿ ಅಡುಗೆಯನ್ನೂ ಮಾಡುತ್ತಿದ್ದಳು. ಅವಳಿಗೆ ಸಪೋರ್ಟ್ ಅಂದರೆ ರೈಲಿನ ಸೀಟು.

ಹಾಗಾಗಿ ಯಾರಾದರೂ ‘ಮಾಡಬಹುದಾ?’ ಅಂತ ಕೇಳಿದರೆ ನಾನು ತಿರುಗಿ ಎರಡೇ ವಿಷಯ ಕೇಳ್ತೀನಿ. ಕಲಿತಿದ್ದನ್ನ ಸೋಮವಾರ ಎಲ್ಲಿ ಹಾಕಿ ನೋಡ್ತೀರಿ? ಲೈನೋ, ಬ್ರಾಂಚೋ, ತೋಟವೋ, ಅಂಗಡಿಯೋ, ಯಾವುದಾದರೂ ಒಂದು ಇರಬೇಕು. ಏನೂ ಇಲ್ಲ, ಬರೀ ಲಿಂಕ್ಡ್‌ಇನ್‌ನಲ್ಲಿ ಹಾಕೋಕೆ ಅಂದರೆ ಅದಕ್ಕೆ ಇಷ್ಟು ದುಡ್ಡು ಬೇಡ. ಎರಡನೇದು, ನಿಮ್ಮ ಎರಡು ವರ್ಷವನ್ನ ಮನೆಯಲ್ಲಿ ಯಾರು ಕಟ್ಟಿಕೊಡ್ತಾರೆ, ಅವರಿಗೆ ಯಾವಾಗ ವಾಪಸ್ ಕೊಡ್ತೀರಿ? ಎರಡನೇ ಪ್ರಶ್ನೆಗೆ ಹುಡುಗರು ಸಾಮಾನ್ಯವಾಗಿ ಫೋನ್ ತೆಗೆದು ನೋಡೋಕೆ ಶುರು ಮಾಡ್ತಾರೆ.

ಪ್ರಮೋಷನ್ ಜೊತೆ ಹೊರ ರಾಜ್ಯದ ಇನ್ನೊಂದು ಪ್ಲಾಂಟಿಗೆ ಹೋಗುವ ಮಾತು ನನಗೂ ಬಂದಿತ್ತು. ಸಂಬಳ ಚೆನ್ನಾಗಿತ್ತು. ಕ್ಯಾಲೆಂಡರಿನ ಹಿಂಭಾಗ ತೋರಿಸಿ ಬೇಡ ಅಂದೆ. ಸದ್ಯಕ್ಕೆ ನರಸಾಪುರವೇ.

ಹೆಂಡತಿ ಈಗ ಕೋಲಾರದ ಕಾಲೇಜೊಂದರಲ್ಲಿ ಬಿಇಡಿ ಸೇರಿದ್ದಾಳೆ. ಬೆಳಿಗ್ಗೆ ಏಳೂವರೆ ಬಸ್ಸು. ಮಗಳ ಟಿಫಿನ್, ಜಡೆ, ಹೋಂವರ್ಕ್ ನನ್ನ ಪಾಲಿಗೆ; ಜಡೆ ಇನ್ನೂ ಸರಿಯಾಗಿ ಬರ್ತಿಲ್ಲ. ಮುಂದಿನ ತಿಂಗಳು ಅವಳಿಗೆ ಶಾಲೆಯಲ್ಲಿ ಪಾಠ ಮಾಡುವ ಅಭ್ಯಾಸ ಇದೆ, ಆರನೇ ಕ್ಲಾಸಿನ ವಿಜ್ಞಾನ. ಪಾಠದ ಯೋಜನೆಗೆ ಒಂದು ಚಾರ್ಟ್ ಬೇಕಂತೆ. ನಿನ್ನೆ ರಾತ್ರಿ ನನ್ನ ಹಳೇ ಸ್ಕೆಚ್ ಪೆನ್ನುಗಳನ್ನ ಹುಡುಕಿ ತೆಗೆದಿಟ್ಟಿದ್ದಾಳೆ, ಹತ್ತು ಗಂಟೆ ಮೇಲೆ ಕೂತು ಬರೆದುಕೊಡಬೇಕು.